ನವಿಲುತೀರ್ಥದ (ಮಲಪ್ರಭಾ ಜಲಾಶಯದ) ದಿನದ ಲೆಕ್ಕ ಓದೋದು ಹೆಂಗ? ಟೇಲ್‌ಎಂಡಿಗೆ, ಅಂದ್ರ ಕಾಲುವೆಯ ಕಡೇ ಹೊಲಗಳಿಗೆ, ಹಿಂಗಾರಿ ನೀರು ಬರತೈತೋ ಇಲ್ಲೋ ಅಂತ ಮೊದಲ ತಿಳಕೋಬಹುದಾ?

ಟೇಲ್‌ಎಂಡ್_ರಾಮದುರ್ಗ
ದಿನಾ ಮುಂಜಾನೆ ವಾಟ್ಸಾಪ್ ಗ್ರೂಪಿನಾಗ ಜಲಾಶಯದ ಪಟ್ಟಿ ಬರತೈತಿ. ಗರಿಷ್ಠ ಮಟ್ಟ 2079.50 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು, ಸಂಗ್ರಹ ಇಷ್ಟು ಟಿಎಂಸಿ (ಒಂದ ಟಿಎಂಸಿ ಅಂದ್ರ ನೂರು ಕೋಟಿ ಘನ ಅಡಿ). ಎಲ್ಲಾರೂ ಅದನ್ನ ಫಾರ್ವರ್ಡ್ ಮಾಡತಾರ, ಅದರಿಂದ ಏನು ತಿಳೀಬೇಕು ಅನ್ನೋದು ಯಾರೂ ಹೇಳಂಗಿಲ್ಲ. ‘ಇನ್ನ ಹತ್ತ ಅಡಿ ಅಷ್ಟ ಖಾಲಿ ಐತಿ, ಭಾಳ ನೀರೈತಿ’ ಅಂತ ಒಬ್ಬರು, ‘ಅರ್ಧಾನೂ ತುಂಬಿಲ್ಲ’ ಅಂತ ಇನ್ನೊಬ್ಬರು. ಎಡದಂಡಿ ಕಾಲುವೆಯ ಕಡೇ ಹೊಲಕ್ಕ ಕಡಲಿ ಹಾಕಬೇಕೋ ಬಿಳಿಜೋಳ ಹಾಕಬೇಕೋ ಅನ್ನೋದು ಈ ಲೆಕ್ಕದ ಮ್ಯಾಲೇ ನಿಂತೈತಿ. ತಿಳದವರು ಒಂದೊಂದ ಕಾಲಂ ಬಿಡಿಸಿ ಹೇಳ್ರಿ.

ಗೇಜ್_ಪಟ್ಟಿ
ಮೊದಲನೇದು: 2079.50 ಅನ್ನೋದು ನೀರಿನ ಆಳ ಅಲ್ರಿ. ಸಮುದ್ರಮಟ್ಟದಿಂದ ಎತ್ತರ. ಘಟಪ್ರಭಾದ ಹಿಡಕಲ್ ಡ್ಯಾಮಿಗೆ 2175 ಅಡಿ, ಬೆಳಗಾವಿಗೆ ಕುಡಿಯಾಕ ಕೊಡೋ ರಕ್ಕಸಕೊಪ್ಪಕ್ಕ 2475 ಅಡಿ. ರಕ್ಕಸಕೊಪ್ಪ ಎಲ್ಲಕ್ಕಿಂತ ಸಣ್ಣದು, ಅಂಕಿ ಮಾತ್ರ ಎಲ್ಲಕ್ಕಿಂತ ದೊಡ್ಡದು, ಯಾಕಂದ್ರ ಅದು ಎತ್ತರದ ಜಾಗಾದಾಗ ಐತಿ. ಆಲಮಟ್ಟಿ ಪಟ್ಟಿ ಮೀಟರಿನಾಗ ಬರತೈತಿ, 519.60. ಒಂದರ ಜೋಡಿ ಇನ್ನೊಂದು ಹೋಲಸಬ್ಯಾಡ್ರಿ.

ಎರಡನೇದು: ಅಡಿ ಮತ್ತ ಟಿಎಂಸಿ ಒಂದೇ ಸಮ ಏರಂಗಿಲ್ಲ. ಜಲಾಶಯ ಬಕೀಟಿನಂಗ ನೆಟ್ಟಗ ಇರಂಗಿಲ್ಲ, ಪರಾತದಂಗ ಮ್ಯಾಲೆ ಹರವು ಇರತೈತಿ. ಆಳ ಅರ್ಧ ಇದ್ದಾಗ ನೀರು ಅರ್ಧ ಇರಂಗಿಲ್ಲ, ನಾಲ್ಕನೇ ಒಂದು ಪಾಲು, ಕಣಿವಿ ಚೂಪು ಇದ್ರ ಎಂಟನೇ ಒಂದು ಪಾಲಿಗೂ ಬರತೈತಿ. ಮ್ಯಾಲಿನ ಹತ್ತ ಅಡಿ ಖಾಲಿ ಅಂದ್ರ ಅದೇ ಭಾಳ ದೊಡ್ಡ ಖಾಲಿ. ಹಂಗಾಗಿ ಅಡಿ ಬಿಟ್ಟು ಟಿಎಂಸಿ ನೋಡ್ರಿ.

ಸವದತ್ತಿ_ಗುಡ್ಡ
ಟಿಎಂಸಿನಾಗೂ ಎರಡ ಅದಾವು. ಒಟ್ಟು ಸಂಗ್ರಹ ಬ್ಯಾರೆ, ಬಳಸಬಹುದಾದ್ದು, ಅಂದ್ರ ಲೈವ್, ಬ್ಯಾರೆ. ನವಿಲುತೀರ್ಥದ ಒಟ್ಟು 37.73 ಟಿಎಂಸಿ, ಲೈವ್ 34 ಟಿಎಂಸಿ ಚಿಲ್ಲರೆ. ಉಳಿದದ್ದು ತೂಬಿನ ಮಟ್ಟಕ್ಕಿಂತ ಕೆಳಗಿನ ಡೆಡ್ ಸ್ಟೋರೇಜ್, ಅದು ಕಾಲುವೆಗೆ ಹರಿಯಂಗಿಲ್ಲ. ಒಂದ ಗ್ರೂಪಿನವರು ಒಟ್ಟು ಬರೀತಾರ, ಇನ್ನೊಂದರವರು ಲೈವ್ ಬರೀತಾರ, ಜಗಳ ಅಲ್ಲಿಂದ ಶುರು ಆಗತೈತಿ.

ಟೇಲ್‌ಎಂಡ್_ರಾಮದುರ್ಗ
ಒಳಹರಿವಿನ ಕಾಲಂ? ಒಂದಿನ ಭಾಳ ಕ್ಯೂಸೆಕ್ (ಸೆಕೆಂಡಿಗೆ ಒಂದ ಘನ ಅಡಿ ಹರಿವು) ಅಂತಾರ, ಮರುದಿನ ಒಮ್ಮೆಲೆ ಕಡಿಮಿ. ಖಾನಾಪುರದಾಗ ಮಳಿ ಎರಡೂ ದಿನ ಅಷ್ಟೇ ಇತ್ತಂದ್ರ ಇದು ಹೆಂಗ?

ಗೇಜ್_ಪಟ್ಟಿ
ಆ ಅಂಕಿ ಹೊಳಿಗೆ ಮೀಟರ್ ಹಚ್ಚಿ ಅಳದದ್ದಲ್ಲ, ಹೆಚ್ಚಾಗಿ ಉಲ್ಟಾ ಲೆಕ್ಕ. ನಿನ್ನೆ 8 ಗಂಟೆಯ ಸಂಗ್ರಹ, ಇವತ್ತಿನ 8 ಗಂಟೆಯ ಸಂಗ್ರಹ, ಎರಡರ ವ್ಯತ್ಯಾಸ, ಅದಕ್ಕ ಬಿಟ್ಟ ನೀರು ಕೂಡಿಸ್ತಾರ. ಅದೇ ಒಳಹರಿವು. ಈಗ ಗೇಜ್ ಪಟ್ಟಿ (ನೀರಿನ ಮಟ್ಟ ಓದೋ ಗೆರಿ ಹಲಗಿ) ಮ್ಯಾಲೆ ಗಾಳಿಯ ತೆರಿ ಬಡಿಯಾಕತ್ತಿತ್ತು, 0.05 ಅಡಿ ಹೆಚ್ಚು ಓದಿದ್ರು ಅಂತ ತಿಳಕೋರಿ. ನೀರಿನ ಹರವು 20,000 ಎಕರೆ ಇದ್ರ 0.05 ಅಡಿ ಅಂದ್ರ 1,000 ಎಕರೆ-ಅಡಿ. ಒಂದ ದಿನಕ್ಕ ಸುಮಾರು 500 ಕ್ಯೂಸೆಕ್ ತಪ್ಪು! ಮರುದಿನ ಸರಿಯಾಗಿ ಓದಿದ್ರ ಆ 500 ಕಡಿಮಿ ಬೀಳತೈತಿ. ಹಂಗಾಗಿ ಒಂದಿನದ ಒಳಹರಿವು ನಂಬಬ್ಯಾಡ್ರಿ, ಐದು ದಿನದ ಸರಾಸರಿ ತಗೋರಿ.

ಇನ್ನ ಒಂದ ಅಂಕಿ ಬಾಯಿಪಾಠ ಮಾಡ್ರಿ: 11,574. ಅಷ್ಟು ಕ್ಯೂಸೆಕ್ ಒಂದ ದಿನಪೂರ್ತಿ ಹರದ್ರ ಒಂದ ಟಿಎಂಸಿ. 5,000 ಕ್ಯೂಸೆಕ್ ಬಂದ್ರ ದಿನಕ್ಕ 0.43 ಟಿಎಂಸಿ.

ಕಣಕುಂಬಿ_ಮಳಿ
ಖಾನಾಪುರದ ಮಳಿ ಅಂತ ಒಂದೇ ಮಾತಿನಾಗ ಹೇಳೋದೂ ತಪ್ಪ ಐತಿ. ಕಣಕುಂಬಿ, ಜಾಂಬೋಟಿ ಕಡೆ ಘಟ್ಟದ ಮಳಿ. ಖಾನಾಪುರ ಊರು ದಾಟಿ ಬೈಲಹೊಂಗಲ ಕಡೆ ಬಂದ್ರ ಪ್ರತಿ ಹತ್ತಿಪ್ಪತ್ತು ಕಿ.ಮೀ.ಗೆ ಮಳಿ ಕಡಿಮಿ ಆಗತೈತಿ. ಮಲಪ್ರಭಾದ ಜಲಾನಯನದಾಗ ಘಟ್ಟದ ಪಾಲು ಸಣ್ಣದು, ಬಯಲಿನ ಪಾಲು ದೊಡ್ಡದು. ಕಣಕುಂಬಿ ಏಣಿನ ಆ ಕಡೆ ಬಿದ್ದದ್ದು ಮಹದಾಯಿ ಸೇರಿ ಗೋವಾಕ್ಕ ಹೋಗತೈತಿ. ಅದಕ್ಕ ಹಿಡಕಲ್ ತುಂಬಿದ ವರ್ಷದಾಗೂ ಎಷ್ಟೋ ಸಲ ನವಿಲುತೀರ್ಥ ತುಂಬಂಗಿಲ್ಲ. ಘಟಪ್ರಭಾ ಮಹಾರಾಷ್ಟ್ರದ ಅಂಬೋಲಿ ಕಡೆಯ ಜೋರು ಮಳಿ ಹೊತ್ಕೊಂಡ ಬರತೈತಿ.

ಕೃಷ್ಣಾ_ತೀರ
ಮಹದಾಯಿಯ ಹಳ್ಳಗಳ ನೀರು ಮಲಪ್ರಭಾಕ್ಕ ತಿರುಗಸೋ ಕಳಸಾ-ಬಂಡೂರಿ ಯೋಜನೆ ಆಗಿದ್ರ ಈ ಪ್ರಶ್ನೆನ ಬರ್ತಿರಲಿಲ್ಲ. ಅದು ಆದ ದಿನ ಟೇಲ್‌ಎಂಡಿನ ಕಷ್ಟ ಮುಗೀತು.

ಸವದತ್ತಿ_ಗುಡ್ಡ
ಕಳಸಾ-ಬಂಡೂರಿ ಆಗಬೇಕು, ಅದರಾಗ ಎರಡ ಮಾತಿಲ್ಲ. ಆದ್ರ ಅಂಕಿ ನೋಡಿ ಮಾತಾಡೋಣು. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್ 14ಕ್ಕ ಕೊಟ್ಟ ತೀರ್ಪಿನಾಗ ಕರ್ನಾಟಕಕ್ಕ ಒಟ್ಟು 13.42 ಟಿಎಂಸಿ. ಅದರಾಗ ಮಲಪ್ರಭಾಕ್ಕ ತಿರುಗಸಾಕ ಕಳಸಾದಿಂದ 1.72, ಬಂಡೂರಿಯಿಂದ 2.18, ಕೂಡಿ 3.9 ಟಿಎಂಸಿ. ದೊಡ್ಡ ಪಾಲು ವಿದ್ಯುತ್ತಿಗೆ ಹೇಳಿದ್ದು, ಅದು ಹೊಲಕ್ಕ ಬರಂಗಿಲ್ಲ. ಆ 3.9 ಕೂಡ ಕುಡಿಯೋ ನೀರಿಗಂತ ಕೊಟ್ಟದ್ದು. 2020ರ ಫೆಬ್ರುವರಿಯಾಗ ಗೆಜೆಟ್ ಆತು, ಪರಿಷ್ಕೃತ ಯೋಜನಾ ವರದಿಗೆ 2022ರ ಡಿಸೆಂಬರಿನಾಗ ಕೇಂದ್ರ ಜಲ ಆಯೋಗ ಒಪ್ಪಿತು, ಅಲ್ಲಿಂದ ಅರಣ್ಯ, ವನ್ಯಜೀವಿ ಅನುಮತಿಯ ಗಂಟು.

ಕೃಷ್ಣಾ_ತೀರ
ಕುಡಿಯೋ ನೀರಿಗೆ 3.9 ಬಂದ್ರ, ಹುಬ್ಬಳ್ಳಿ-ಧಾರವಾಡಕ್ಕ ಈಗ ಜಲಾಶಯದಿಂದ ಎತ್ತೋ ನೀರಿಗೆ ಆಸರ ಆಗಿ ಅಷ್ಟ ಹೊಲಕ್ಕ ಉಳೀತೈತಲ್ರಿ? ಅದನ್ನ ಯಾಕ ಲೆಕ್ಕಕ್ಕ ಹಿಡಿಯಂಗಿಲ್ಲ?

ಸವದತ್ತಿ_ಗುಡ್ಡ
ಉಳೀತೈತಿ, ಒಪ್ಪಿದೆ. ಕೆಟ್ಟ ವರ್ಷದಾಗ ಆ 3.9 ಭಾಳ ದೊಡ್ಡದು. ‘ಕಷ್ಟ ಮುಗೀತು’ ಅನ್ನೋದಕ್ಕ ಅಷ್ಟ ನಮ್ಮ ತಕರಾರು. ಲೈವ್ 34ರ ಮುಂದ ಅದು ಒಂಬತ್ತನೇ ಒಂದು ಪಾಲು. ಕಾಲುವೆಯೊಳಗ ದಾರಿಮ್ಯಾಲೆ ಹಾಳಾಗಿ ಹೋಗೋ ನೀರು ಅದಕ್ಕಿಂತ ಹೆಚ್ಚೈತಿ.

ಎರಿಭೂಮಿ
ಈಗ ಮೂಲ ಪ್ರಶ್ನೆಗೆ ಬರೋಣು. ಟಿಎಂಸಿಯಿಂದ ಎಷ್ಟ ನೀರುಣಿಸಬಹುದು ಅನ್ನೋದಕ್ಕ ಸುಲಭ ದಾರಿ ಐತಿ. ಒಂದ ಕ್ಯೂಸೆಕ್ ಒಂದ ತಾಸು ಹರದ್ರ ಒಂದ ಎಕರೆಗೆ ಒಂದ ಇಂಚು ನೀರು ನಿಲ್ಲತೈತಿ. ಒಂದ ಟಿಎಂಸಿ ಅಂದ್ರ 22,957 ಎಕರೆ-ಅಡಿ, ಅಂದ್ರ ಅಷ್ಟು ಎಕರೆ ಮ್ಯಾಲೆ ಒಂದ ಅಡಿ ನೀರು.

ಉದಾಹರಣೆಗೆ ಅಕ್ಟೋಬರ್ ಕೊನಿಗೆ ಲೈವ್ 18 ಟಿಎಂಸಿ ಐತಿ ಅಂತ ಹಿಡೀರಿ. ಮುಂದಿನ ಜುಲೈ ತನಕ ಕುಡಿಯೋ ನೀರು, ಆವಿ ಎಲ್ಲಾ ಕೂಡಿ 6 ತಗದಿಟ್ರು. ಕಾಲುವೆಗೆ 12. ತೂಬಿನಿಂದ ಹೊಲದ ತನಕ ಬರೋದ್ರಾಗ ಅರ್ಧ ಹೋತು, ಹೊಲಕ್ಕ ಮುಟ್ಟಿದ್ದು 6 ಟಿಎಂಸಿ. ಅಂದ್ರ ಸುಮಾರು 1,37,700 ಎಕರೆ-ಅಡಿ. ಒಂದ ಸಲ ಹಾಯಿಸಾಕ 3 ಇಂಚು, ಅಂದ್ರ ಕಾಲು ಅಡಿ. ಭಾಗಿಸಿದ್ರ ಐದೂವರೆ ಲಕ್ಷ ಎಕರೆಗೆ ಒಂದ ಸಲ. ಮಲಪ್ರಭಾ ಅಚ್ಚುಕಟ್ಟು ಎರಡೂ ದಂಡಿ ಕೂಡಿ ಐದು ಲಕ್ಷ ಎಕರೆಗೂ ಮಿಕ್ಕಿ ಐತಿ. ಅಂದ್ರ ಎಲ್ಲಾರಿಗೂ ಸಮ ಹಂಚಿದ್ರ ಒಂದೇ ನೀರು. ‘ಅರ್ಧ ಜಲಾಶಯ ಐತಿ’ ಅನ್ನೋ ಮಾತಿನ ಬೆಲಿ ಅಷ್ಟು.

ಒಂದ ನೀರಿಗೆ ಎರಿಭೂಮ್ಯಾಗ ಕಡಲಿ ಬರತೈತಿ. ಹೂವಿನ ಮೊದಲ ಒಂದ ಸಲ ಸಿಕ್ರ ಚಲೋ ಇಳುವರಿ. ಗೋಧಿಗೆ ಅದು ಸಾಲಂಗಿಲ್ಲ, ಗೋವಿನಜೋಳದ ಸುದ್ದೀನ ಬ್ಯಾಡ.

ಕಾಲುವಿ_ಸೌಡಿ
ಲೆಕ್ಕ ಬರೋಬ್ಬರಿ ಐತಿ, ಎರಡ ಕಡೆ ತಿದ್ದತೀನಿ.

ಒಂದು, ಮೊದಲ ಹಾಯಿಸೋ ನೀರು 3 ಇಂಚಿಗೆ ಮುಗಿಯಂಗಿಲ್ಲ. ಎರಿಮಣ್ಣು ಬಿರುಕು ಬಿಟ್ಟಿದ್ರ ಮೊದಲ ಆ ಬಿರುಕು ತುಂಬಬೇಕು, 4 ಇಂಚಿಗೂ ಮಿಕ್ಕಿ ಕುಡೀತೈತಿ. ಅದನ್ನ ತಡೀಬೇಕಂದ್ರ ಬಿರುಕು ಅಗಲ ಆಗೋ ಮೊದಲ ಎಡಿ ಹೊಡೀಬೇಕು, ಇಲ್ಲಾ ಒಂದ ಸಾಲು ಬಿಟ್ಟ ಒಂದ ಸಾಲಿಗೆ ಹಾಯಿಸಬೇಕು. ಹೊಲಪೂರ್ತಿ ನೀರು ಬಿಟ್ರ ಕಡಲಿ ಬೇರ ಕೊಳೀತೈತಿ.

ಎರಡು, ಅರ್ಧ ಹೋಗತೈತಿ ಅಂದ್ರಿ. ಮುಖ್ಯ ಕಾಲುವೆಯೊಳಗ ಅಷ್ಟ ಹೋಗಂಗಿಲ್ಲ, ಹೋಗೋದು ಉಪಕಾಲುವೆ, ಹೊಲಗಾಲುವೆಯೊಳಗ. ಹುಲ್ಲು, ಆಪು, ಹೂಳು ಬೆಳದ ಕಾಲುವೆಯೊಳಗ ನೀರು ಮಟ್ಟ ಏರತೈತಿ, ಓಡಂಗಿಲ್ಲ. ಸ್ವಚ್ಛ ಲೈನಿಂಗ್ ಇದ್ದಾಗ ಹೊರೋ ನೀರಿನ ಅರ್ಧ ಅಷ್ಟ ಹೊರತೈತಿ. ಮಟ್ಟ ಏರಿದ್ದಕ್ಕ ಮ್ಯಾಲಿನ ತೂಬುಗಳಿಗೆ ಒತ್ತಡ ಹೆಚ್ಚಾಗಿ ಅವು ತಮ್ಮ ಪಾಲಿಗಿಂತ ಹೆಚ್ಚು ಎಳೀತಾವು, ಟೇಲಿನಾಗ ಕಾಲುವೆ ಒಣಗಿರತೈತಿ. ಹೂಳು ತಗಿಯೋ ಕೆಲಸ ನೀರು ಬಿಡೋಕಿಂತ ಮೊದಲ ಆಗಬೇಕು, ಟೇಲ್‌ಎಂಡಿನಿಂದ ಶುರು ಮಾಡಿ ಮ್ಯಾಲಕ್ಕ ಹೋಗಬೇಕು. ಹೆಚ್ಚಿನ ಕಡೆ ಮ್ಯಾಲಿನಿಂದ ಶುರು ಮಾಡಿ ಅರ್ಧಕ್ಕ ರೊಕ್ಕಾ ಮುಗೀತಾವು.

ಟೇಲ್‌ಎಂಡ್_ರಾಮದುರ್ಗ
ಪಂಪ್‌ಸೆಟ್ಟಿನ ಮಾತು ಯಾರೂ ತಗೀಲಿಲ್ಲ. ಕಾಲುವೆ ದಂಡಿಗುಂಟ ಪೈಪ್ ಬಿಟ್ಟಾರ.

ಕಾಲುವಿ_ಸೌಡಿ
5 ಎಚ್‌ಪಿ ಪಂಪು 15 ಮೀಟರ್ ಎತ್ತಿದ್ರ ಸೆಕೆಂಡಿಗೆ ಸುಮಾರು 14 ಲೀಟರ್. ಎರಡ ಪಂಪು ಅಂದ್ರ ಒಂದ ಕ್ಯೂಸೆಕ್. ನೂರ ಪಂಪು ಕೂಡೇ ನಡದ್ರ 50 ಕ್ಯೂಸೆಕ್, ಒಂದ ಉಪಕಾಲುವೆ ಪೂರಾ ನುಂಗಿದಂಗ.

ಬೀಳಗಿ_ಹಿನ್ನೀರು
ಪಂಪಿನವರನ್ನಷ್ಟ ಬೈಯೋದು ಸರಿ ಅಲ್ಲ. ಕಾಲುವೆಗಿಂತ ಎತ್ತರದಾಗಿರೋ ಹೊಲದವರು ಭೂಮಿ ಕೊಟ್ಟಾರ, ಕಾಲುವೆ ಅವರ ಹೊಲ ಸೀಳಿ ಹೋಗೈತಿ, ಅಚ್ಚುಕಟ್ಟಿನಾಗ ಅವರ ಹೆಸರಿಲ್ಲ. ಅವರಿಗೆ ಪಾಳಿ ಕೊಟ್ಟು ಲೆಕ್ಕದೊಳಗ ತರಬೇಕು. ಕದ್ದ ಎಳೆದ್ರ ಎಷ್ಟ ಹೋತು ಅಂತ ಯಾರಿಗೂ ತಿಳಿಯಂಗಿಲ್ಲ, ಅದೇ ದೊಡ್ಡ ಹಾನಿ.

ಕಾಲುವಿ_ಸೌಡಿ
ಲೆಕ್ಕದೊಳಗ ಬಂದ್ರ ನಮ್ಮದೂ ಒಪ್ಪಿಗೆ. ಆದ್ರ ಪಾಳಿ ಅಂದ್ರ ಟೇಲಿನವರ ಪಾಳಿ ಮೊದಲ. ಮೊದಲ ದಿನ ಬಿಟ್ಟ ನೀರು ಒಣ ಕಾಲುವೆ ನೆನಸಾಕ, ಕಾಲುವೆಯ ಎಲ್ಲಾ ಭಾಗ ತುಂಬಸಾಕ ಹೋಗತೈತಿ. ಸೆಕೆಂಡಿಗೆ 70-80 ಸೆಂ.ಮೀ. ವೇಗ ಹಿಡದ್ರ 100 ಕಿ.ಮೀ.ಗೆ ಒಂದೂವರೆ ದಿನ ಅಂತ ಕಾಗದದ ಮ್ಯಾಲೆ ಬರತೈತಿ. ಖರೆ ನೋಡಿದ್ರ ನಾಲ್ಕೈದು ದಿನ. ಹತ್ತ ದಿನ ಬಿಟ್ಟು ಬಂದ್ ಮಾಡೋ ಪದ್ಧತಿಯೊಳಗ ಟೇಲಿಗೆ ಉಳಿಯೋದು ಐದು ದಿನ. ಪ್ರತಿ ಸಲ ಬಂದ್ ಮಾಡಿದಾಗ ಈ ನಾಲ್ಕೈದು ದಿನ ಮತ್ತ ದಂಡ. ಸಣ್ಣ ಸಣ್ಣ ಕಂತಿನಾಗ ಬಿಡೋದಕ್ಕಿಂತ ಒಂದೇ ಸಲ 25-30 ದಿನ ಪೂರ್ಣ ಮಟ್ಟದಾಗ ಬಿಟ್ಟು ಪಾಳಿ ಹಚ್ಚೋದು ಚಲೋ.

ಹಿಡಕಲ್_ದಂಡಿ
ಹೊರಹರಿವಿನ ಕಾಲಂ ಬಗ್ಗೆ ಒಂದು. ಹಿಡಕಲ್ ಪಟ್ಟಿಯೊಳಗ ‘ನದಿಗೆ ಇಷ್ಟು ಕ್ಯೂಸೆಕ್’ ಅಂತ ಬಂದ ಕೂಡ್ಲೇ ‘ನೀರು ಹೊಳಿಗೆ ಬಿಟ್ಟು ಹಾಳ ಮಾಡಿದ್ರು’ ಅಂತ ಗದ್ದಲ ಆಗತೈತಿ. ಘಟಪ್ರಭಾದ ಬಲದಂಡಿ ಕಾಲುವೆ ಹಿಡಕಲ್ ಡ್ಯಾಮಿನಿಂದನ ಹೊರಡತೈತಿ, ಎಡದಂಡಿ ಕಾಲುವೆ ಮಾತ್ರ ಕೆಳಗ ಧೂಪದಾಳದ ಒಡ್ಡಿನಿಂದ. ಆ ಒಡ್ಡು ಬ್ರಿಟಿಷರ ಕಾಲದ್ದು, ಡ್ಯಾಮಿಗಿಂತ ಎಷ್ಟೋ ಮೊದಲಿಂದು. ಹಂಗಾಗಿ ಎಡದಂಡಿ ರೈತರ ನೀರು ಡ್ಯಾಮಿನಿಂದ ಹೊಳಿ ಮೂಲಕನ ಹೋಗಿ ಧೂಪದಾಳದಾಗ ಕಾಲುವೆ ಹತ್ತತೈತಿ. ನದಿ ಕಾಲಂ ನೋಡಿ ಸಿಟ್ಟಾಗೋ ಮೊದಲ ಇದನ್ನ ತಿಳಕೋರಿ.

ಟೇಲ್‌ಎಂಡ್_ರಾಮದುರ್ಗ
ಇದು ಗೊತ್ತಿರಲಿಲ್ಲ. ಹಂಗಾರ ನವಿಲುತೀರ್ಥದ ಹೊರಹರಿವು ಪೂರಾ ಕಾಲುವೆದು ಅಂತ ತಿಳೀಬೇಕಾ?

ಗೇಜ್_ಪಟ್ಟಿ
ಇಲ್ರಿ. ಕಾಲುವೆಗಳು, ಹೊಳಿ, ಕುಡಿಯೋ ನೀರಿನ ಎತ್ತುವಳಿ ಎಲ್ಲಾ ಕೂಡಿಸಿ ಒಂದೇ ಅಂಕಿ ಕೊಟ್ಟಿರತಾರ, ಕೆಲವು ಪಟ್ಟಿಯೊಳಗ ಆವಿನೂ ಸೇರಿರತೈತಿ. ಬಿಡಿ ಬಿಡಿ ಕೇಳಬೇಕು. ಆವಿ ಅಂದ್ರ ಸಣ್ಣದು ಅಂತ ತಿಳಿಯಬ್ಯಾಡ್ರಿ. ಏಪ್ರಿಲ್-ಮೇದಾಗ ಈ ಸೀಮಿಯೊಳಗ ದಿನಕ್ಕ 7 ಮಿ.ಮೀ. ಹೋಗತೈತಿ. 50 ಚದರ ಕಿ.ಮೀ. ಹರವಿದ್ರ ಅದು 3.5 ಲಕ್ಷ ಘನಮೀಟರ್, ಅಂದ್ರ 140 ಕ್ಯೂಸೆಕ್ ಹಗಲು ರಾತ್ರಿ ಹರದಂಗ.

ಎರಿಭೂಮಿ
ಅದಕ್ಕೇ ಜಲಾಶಯದಾಗ ನೀರು ಹಿಡದಿಟ್ಟು ಬ್ಯಾಸಗಿಗೆ ಬಿಡ್ರಿ ಅನ್ನೋ ಬೇಡಿಕಿ ನಷ್ಟದ್ದು. ನವೆಂಬರ್-ಡಿಸೆಂಬರಿನಾಗ ಕಡಲಿಗೆ ಕೊಟ್ಟ ಅದೇ ಟಿಎಂಸಿ ಏಪ್ರಿಲ್‌ನಾಗ ಅರ್ಧ ಹೊಲಕ್ಕೂ ಸಾಲಂಗಿಲ್ಲ.

ಬೀಳಗಿ_ಹಿನ್ನೀರು
ಕಬ್ಬಿನವರು ಇದನ್ನ ಒಪ್ಪಂಗಿಲ್ಲ.

ಎರಿಭೂಮಿ
ಒಪ್ಪಲಿಕ್ಕಿಲ್ಲ. ಆದ್ರ ಮಲಪ್ರಭಾ ಯೋಜನೆ ಹಾಕಿದ್ದು ಲಘು ನೀರಾವರಿ ಬೆಳಿಗೆ. ಕಬ್ಬಿಗೆ ವರ್ಷಕ್ಕ ಐದಾರು ಅಡಿ ನೀರು ಬೇಕು, ಕಡಲಿಗೆ ಹಾಯಿಸೋದು ಕಾಲು ಅಡಿ. ಒಂದ ಎಕರೆ ಕಬ್ಬಿನ ನೀರಿನಾಗ ಇಪ್ಪತ್ತು ಎಕರೆ ಕಡಲಿಗೆ ಒಂದ ನೀರು ಆಗತೈತಿ. ಟೇಲ್‌ಎಂಡಿನ ಖರೇ ಪ್ರಶ್ನೆ ಅಲ್ಲೈತಿ. ನೀರೇ ಮುಟ್ಟದ ಹೊಲಕ್ಕೂ ಅಭಿವೃದ್ಧಿ ಕರ ಕೇಳಿದ್ದಕ್ಕ 1980ರ ಜುಲೈ 21ಕ್ಕ ನರಗುಂದ, ನವಲಗುಂದದ ರೈತರು ಎದ್ದು ನಿಂತದ್ದು ಇದೇ ಮಲಪ್ರಭಾ ಕಾಲುವೆ ಮ್ಯಾಲೆ.

ಕಣಕುಂಬಿ_ಮಳಿ
ಕೆಳಗಿನವರ ಲೆಕ್ಕ ಆತು, ಮ್ಯಾಲಿನವರದ್ದೂ ಕೇಳ್ರಿ. ಖಾನಾಪುರದ ಕಾಡಿನ ಹಳ್ಳಿಗಳಿಗೆ ಮಳಿಗಾಲದಾಗ ದಾರಿ ಬಂದ್ ಆಗುವಷ್ಟು ನೀರು, ಏಪ್ರಿಲ್‌ನಾಗ ಬಾವಿ ತಳ ಕಾಣತೈತಿ. ಕೆಂಪು ಜಂಬಿಟ್ಟಿಗೆ ಕಲ್ಲು ಮಳಿ ಕುಡೀತೈತಿ, ಇಳಿಜಾರಿನಾಗ ಝರಿಯಾಗಿ ಬಿಡತೈತಿ, ಎರಡ-ಮೂರ ತಿಂಗಳಿನಾಗ ಖಾಲಿ. ಅಲ್ಲಿ ದೊಡ್ಡ ಡ್ಯಾಮ್ ಬೇಕಿಲ್ಲ. ಅಕ್ಟೋಬರ್ ಕೊನಿಗೆ ಹಳ್ಳದಾಗ ವನರಾಯಿ ಬಂಧಾರ ಸಾಕು. ಸಿಮೆಂಟಿನ ಖಾಲಿ ಚೀಲದಾಗ ಮುಕ್ಕಾಲು ಮಣ್ಣು-ಉಸುಕು ತುಂಬಿ ಬಾಯಿ ಹೊಲೀಬೇಕು. ಪೂರಾ ತುಂಬಿದ್ರ ಚೀಲ ಚೀಲಕ್ಕ ಕೂಡಂಗಿಲ್ಲ, ಸಂದಿ ಉಳೀತೈತಿ. ಹಳ್ಳದ ತಳದ ಉಸುಕು, ಎಲಿ ಕೆತ್ತಿ ಗಟ್ಟಿ ನೆಲಕ್ಕ ಹೋಗಬೇಕು. ಇಟ್ಟಂಗಿಯಂಗ ಸಂದು ತಪ್ಪಿಸಿ ಎರಡ ಸಾಲು ಇಟ್ಟು, ನಡಕ ಜಿಗಟ ಮಣ್ಣು ತುಳದು ತುಂಬಬೇಕು. ಎತ್ತರ ಒಂದ ಮೀಟರ್ ದಾಟಸಬಾರದು, ತಳದ ಅಗಲ ಎತ್ತರದ ಎರಡು ಪಟ್ಟಾದ್ರೂ ಇರಬೇಕು. ನಡುವಿನ ಚೀಲ ಒಂದ ಸಾಲು ತಗ್ಗ ಇಡಬೇಕು, ಹೆಚ್ಚಾದ ನೀರು ಅಲ್ಲಿಂದ ಹಾರಲಿ. ತಗ್ಗ ಇಡದಿದ್ರ ನೀರು ದಂಡಿ ಕೊರದು ಬಾಜೂಕ ಹೋಗತೈತಿ, ಬಂಧಾರ ನಿಂತಿರತೈತಿ, ನೀರು ಇರಂಗಿಲ್ಲ.

ಕೃಷ್ಣಾ_ತೀರ
ಕೊಲ್ಹಾಪುರ ಮಾದರಿ ಬಾಂದಾರದಾಗೂ (ಹೊಳಿಗೆ ಅಡ್ಡ ಕಂಬ ಕಟ್ಟಿ ನಡಕ ಗೇಟು ಹಾಕೋ ಒಡ್ಡು) ಇದೇ ರೋಗ. ಮಳಿಗಾಲದಾಗ ಗೇಟ್ ತಗದಿಡಬೇಕು, ಹೊಳಿ ಇಳದ ಮ್ಯಾಲೆ ಹಾಕಬೇಕು. ಹಾಕೋದು ಹದಿನೈದು ದಿನ ತಡ ಆದ್ರ ಹಿಡಿಯಾಕ ನೀರ ಇರಂಗಿಲ್ಲ. ಬೇಗ ಹಾಕಿದ್ರ ಹಿಂಗಾರಿ ಮಳಿಗೆ ಹೊಳಿ ಬಂದು ದಂಡಿ ಕೊಚ್ಚತೈತಿ.

ಗೇಜ್_ಪಟ್ಟಿ
ಅದರ ರಬ್ಬರ್ ಸೀಲಿನ ಲೆಕ್ಕ ನೋಡ್ರಿ. ಎರಡ ಮೀಟರ್ ಅಗಲದ ಒಂದ ಗೇಟಿನ ಕೆಳಗ 5 ಮಿ.ಮೀ. ಸಂದಿ, ಮ್ಯಾಲೆ 2 ಮೀಟರ್ ನೀರು. ಸೆಕೆಂಡಿಗೆ ಸುಮಾರು 37 ಲೀಟರ್ ಸೋರತೈತಿ, ದಿನಕ್ಕ 32 ಲಕ್ಷ ಲೀಟರ್. ಇಂಥಾ ಹತ್ತ ಗೇಟಿದ್ರ ಸಣ್ಣ ಬಾಂದಾರ ಎರಡ-ಮೂರ ವಾರದಾಗ ಖಾಲಿ. ಹಾಕೋ ಮೊದಲ ಗೇಟು ಕೂಡೋ ಸೀಳಿನೊಳಗಿನ ಉಸುಕು ಕಬ್ಬಿಣದ ಸಲಾಕಿಯಿಂದ ಕೆತ್ತಿ ತಗೀಬೇಕು, ತಳದ ಕಟ್ಟಿ ತೊಳೀಬೇಕು, ಗಟ್ಟಿಯಾದ ರಬ್ಬರ್ ಬದಲಸಬೇಕು. ಹಳೇ ಬಾಂದಾರಕ್ಕ ಇಂಥಾ ಎರಡ ಸೀಳು ಇರತಾವು, ಎರಡೂ ಸಾಲು ಹಲಗಿ ಹಾಕಿ ನಡಕ ಎರಿಮಣ್ಣು ತುಂಬೋದು ಅದರ ಮೂಲ ಪದ್ಧತಿ. ಈಗ ಒಂದೇ ಸಾಲು ಹಾಕಿ ಕೈ ಬಿಡತಾರ.

ಕೃಷ್ಣಾ_ತೀರ
ಜಮಖಂಡಿ ಕಡೆ ರೈತರ ತಾವ ರೊಕ್ಕಾ, ಶ್ರಮ ಹಾಕಿ 1989ರಾಗ ಚಿಕ್ಕಪಡಸಲಗಿ ಬ್ಯಾರೇಜ್ ಕಟ್ಟಿದ್ರು, ಸಿದ್ದು ನ್ಯಾಮಗೌಡರ ಮುಂದಾಳತ್ವದಾಗ. ಕಟ್ಟೋದು ಎಷ್ಟ ದೊಡ್ಡದೋ ವರ್ಷಾ ಗೇಟಿನ ಕಾಳಜಿ ಮಾಡೋದೂ ಅಷ್ಟ ದೊಡ್ಡದು.

ಸವದತ್ತಿ_ಗುಡ್ಡ
ಗೇಟಿನ ಕಾಳಜಿ ಅಂದ್ರ ದೊಡ್ಡ ಡ್ಯಾಮಿಗೂ ಅದೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾದ 19ನೇ ಗೇಟಿನ ಚೈನ್ ಹರದದ್ದು ನೋಡಿದೀವಿ. ತುಂಬಿದ ಡ್ಯಾಮ್ ಇಳಿಸಿ ಸ್ಟಾಪ್‌ಲಾಗ್ (ಗೇಟಿನ ಬದಲಿ ತಾತ್ಕಾಲಿಕ ಹಲಗಿ) ಕೂಡಿಸಬೇಕಾತು. ನವಿಲುತೀರ್ಥದ ಗೇಟಿಗೂ ಬ್ಯಾಸಗಿಯೊಳಗ ರೋಪು, ಸೀಲು, ಮೋಟಾರ್ ನೋಡಿದ್ರೋ ಇಲ್ಲೋ ಅಂತ ಪ್ರತಿ ವರ್ಷ ಕೇಳೋದು ಅಚ್ಚುಕಟ್ಟಿನವರ ಹಕ್ಕು.

ಬೀಳಗಿ_ಹಿನ್ನೀರು
ಹೂಳಿನ ಲೆಕ್ಕ ಬಿಟ್ರಿ. 37.73 ಅನ್ನೋದು ಕಟ್ಟಿದಾಗಿನ ಅಂಕಿ. ಅರ್ಧ ಶತಮಾನದ ಹೂಳು ಪೂರಾ ಡೆಡ್ ಸ್ಟೋರೇಜಿನಾಗ ಹೋಗಿ ಕೂಡಂಗಿಲ್ಲ. ಹೊಳಿ ಜಲಾಶಯಕ್ಕ ಕೂಡೋ ಬಾಯಾಗ, ವೇಗ ತಗ್ಗಿದಲ್ಲೆ ದಪ್ಪ ಹೂಳು ಕೂಡತೈತಿ. ಅದು ಲೈವ್ ಪಾಲನ್ನ ತಿನ್ನತೈತಿ. ಎಕೋ ಸೌಂಡರ್ (ಸಪ್ಪಳದಿಂದ ಆಳ ಅಳೆಯೋ ಯಂತ್ರ) ಹಚ್ಚಿ ಅಳದು ಯಾವ ಮಟ್ಟಕ್ಕ ಎಷ್ಟು ಟಿಎಂಸಿ ಅನ್ನೋ ಹೊಸ ಕೋಷ್ಟಕ ಮಾಡದಿದ್ರ ಪಟ್ಟಿಯೊಳಗಿನ ಟಿಎಂಸಿ ಹೆಚ್ಚ ತೋರಸತೈತಿ.

ಗೇಜ್_ಪಟ್ಟಿ
ಬರೋಬ್ಬರಿ. ಅದಕ್ಕೇ ಪಟ್ಟಿ ನೋಡುವಾಗ ಯಾವ ವರ್ಷದ ಕೋಷ್ಟಕದ ಮ್ಯಾಲೆ ಟಿಎಂಸಿ ಬರದಾರ ಅಂತ ಕೇಳಬೇಕು.

ಟೇಲ್‌ಎಂಡ್_ರಾಮದುರ್ಗ
ಹಂಗಾರ ನೀರಾವರಿ ಸಲಹಾ ಸಮಿತಿ ಸಭಾಕ್ಕ ಹೋಗುವಾಗ ಲೈವ್ ಎಷ್ಟು, ಕುಡಿಯಾಕ ಎಷ್ಟು ತಗದಿಟ್ರಿ, ಎಡದಂಡಿಗೆ ಎಷ್ಟು ಕ್ಯೂಸೆಕ್ ಎಷ್ಟು ದಿನ ಅಂತ ಬರದ ಕೇಳತೀವಿ. ಅಡಿ ಲೆಕ್ಕ ಕೇಳಂಗಿಲ್ಲ.

ಕಾಲುವಿ_ಸೌಡಿ
ಇನ್ನೊಂದ ಕೂಡಸ್ರಿ: ಕೊನೇ ಉಪಕಾಲುವೆಯ ಬಾಯಾಗ ದಿನಾ ಗೇಜ್ ಯಾರು ಓದತಾರ, ಎಲ್ಲಿ ಬರೀತಾರ. ಡ್ಯಾಮಿನ ಬಾಯಾಗಿನ ಕ್ಯೂಸೆಕ್ ಎಲ್ಲಾರೂ ಹೇಳತಾರ. ನಿಮಗ ಬೇಕಾದ್ದು ಕಡೇ ಕಿ.ಮೀ.ದು. ಅಲ್ಲಿ ಗೇಜ್ ಪಟ್ಟಿಯ ಬಣ್ಣ ಹೋಗಿದ್ರ ನೀರು ಬಿಡೋಕಿಂತ ಮೊದಲ ಬರಸ್ರಿ, ಸೆಂ.ಮೀ. ಗೆರಿ ಸುದ್ದಾ.

ಟೇಲ್‌ಎಂಡ್_ರಾಮದುರ್ಗ
ಬಣ್ಣ ಹೋಗೈತಿ. ಈ ವಾರದಾಗ ಬರಸತೀವಿ.